ನರ್ತಕಿಯೂ ಛಾಯಾಚಿತ್ರದ ಚೌಕಟ್ಟೂ

ನೃತ್ಯವು ಚಲನೆಯ ಕಲೆ. ಛಾಯಾಚಿತ್ರವಾದರೋ ಚಲನೆಯನ್ನು ತಡೆದು ನಿಲ್ಲಿಸುವ ಕಲೆ. ಹೀಗಿರುವಾಗ ಮೊದಲನೆಯದರ ಜೀವಾಳವು ಎರಡನೆಯದರಲ್ಲಿ ಉಳಿದೀತೆ? ಛಾಯಾಗ್ರಹಣವನ್ನು ಅಭ್ಯಾಸ ಮಾಡುತ್ತಿರುವ ನನ್ನನ್ನು ಒಂದು ವರ್ಷದಿಂದ ಕಾಡುತ್ತಿರುವ ಪ್ರಶ್ನೆಯಿದು. ಕಂಡುಕೊಂಡ ಅಲ್ಪಸ್ವಲ್ಪವನ್ನು ವಾಚಕ ಮಿತ್ರರ ಮುಂದಿಡುತ್ತೇನೆ.

ಚಿತ್ರಸಂಯೋಜನೆಯ ಮೊದಲ ಪಾಠಗಳು ಸರಳವಾದುವು. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡಿ, ಗೆರೆಗಳು ಕೂಡುವೆಡೆಯಲ್ಲಿ ಮುಖ್ಯವಸ್ತುವನ್ನು ಇರಿಸಬೇಕು, ಹಿನ್ನೆಲೆಯಲ್ಲಿ ಗದ್ದಲವಿರಬಾರದು. ನರ್ತಕಿಯ ಮುಂದೆ ನಿಂತಾಗ ಇವುಗಳ ಜೊತೆಗೆ ಇನ್ನೂ ಕೆಲವು ಸೇರುತ್ತವೆ. ಭರತನಾಟ್ಯದ ಅರೆಮಂಡಿಯಲ್ಲಿ ಮಂಡಿಗಳು ಇಬ್ಬದಿಗೆ ಬಾಗಿ ಕಾಲುಗಳು ವಜ್ರಾಕೃತಿಯನ್ನು ತಾಳುತ್ತವೆ. ನಿಂತವನ ಕಣ್ಣಿನ ಎತ್ತರದಿಂದ ತೆಗೆದರೆ ಆ ಆಕೃತಿ ಕುಗ್ಗಿಹೋಗುತ್ತದೆ. ಕ್ಯಾಮೆರಾವನ್ನು ನರ್ತಕಿಯ ಸೊಂಟದ ಮಟ್ಟಕ್ಕೆ ಇಳಿಸಬೇಕು. ಷಟರು ಸೆಕೆಂಡಿನ 1/500 ಭಾಗದಷ್ಟು ಕಾಲ ತೆರೆದರೆ ಜಿಗಿತವೂ ಶಿಲೆಯಂತೆ ನಿಲ್ಲುತ್ತದೆ. 1/15 ಭಾಗದಷ್ಟು ತೆರೆದರೆ ಸುತ್ತುವ ಕೈ ಮಂಜಿನಂತೆ ಹರಡಿ ತನ್ನ ಜಾಡನ್ನು ಉಳಿಸುತ್ತದೆ.

ಆದರೆ ಇದೆಲ್ಲ ದೇಹದ ಲೆಕ್ಕ. ಭಾವದ ಲೆಕ್ಕವೇ ಬೇರೆ. ಅಮೆರಿಕದ ಬಾರ್ಬರಾ ಮಾರ್ಗನ್ ಎಂಬ ಛಾಯಾಗ್ರಾಹಕಿ ಪ್ರಸಿದ್ಧ ನರ್ತಕಿ ಮಾರ್ತಾ ಗ್ರಹಾಂರನ್ನು 1935ರಿಂದ ಹಲವು ವರ್ಷ ಚಿತ್ರಿಸಿ, 1941ರಲ್ಲಿ ಹದಿನಾರು ನೃತ್ಯಗಳ ಚಿತ್ರಪುಸ್ತಕವನ್ನು ಹೊರತಂದರು. ಪ್ರದರ್ಶನದ ನಡುವೆ ಅವಸರದಲ್ಲಿ ತೆಗೆದ ಚಿತ್ರಗಳಲ್ಲ ಅವು. ನೃತ್ಯವನ್ನು ಮತ್ತೆ ಮತ್ತೆ ನೋಡಿ, ಅದರ ಸಾರವನ್ನು ಹೊತ್ತ ಭಂಗಿಯಾವುದೆಂದು ನಿಶ್ಚಯಿಸಿ, ಬಳಿಕ ಬೆಳಕನ್ನು ಅಣಿಗೊಳಿಸಿ ತೆಗೆದಂಥವು. 1940ರ ಅವರ ಒಂದು ಚಿತ್ರದಲ್ಲಿ ಗ್ರಹಾಂ ಮುಂದಕ್ಕೆ ಬಾಗಿ ಹಣೆಗೆ ಕೈಯಿಟ್ಟಿದ್ದಾರೆ. ಹಿಂದಕ್ಕೆ ಚಿಮ್ಮಿದ ಕಾಲಿನೊಡನೆ ನೀಳವಾದ ಉಡುಪು ಕಮಾನಿನಂತೆ ಎದ್ದಿದೆ. ಕವಯಿತ್ರಿ ಎಮಿಲಿ ಡಿಕಿನ್ಸನ್‌ರ ಅಂತರಂಗವನ್ನು ಕುರಿತ ನೃತ್ಯವದು. ಕಥೆಯನ್ನರಿಯದವರಿಗೂ ಆ ಬಾಗಿದ ಬೆನ್ನಿನಲ್ಲಿ ಒಂದು ವೇದನೆ ಕಾಣುತ್ತದೆ.

ಗ್ರಹಾಂ ತಮ್ಮ ಚಲನೆಗಳನ್ನು ತಾವೇ ಸೃಷ್ಟಿಸಿಕೊಂಡವರು. ಹಸ್ತಮುದ್ರೆಗಳೆಲ್ಲ ಪರಂಪರೆಯಿಂದ ಬಂದ ನಮ್ಮ ನೃತ್ಯದಲ್ಲಿ ನರ್ತಕಿಯ ಸ್ವಂತದ ಮಾತಿಗೆ ಎಡೆಯೆಲ್ಲಿ? ಅಭಿನಯದಲ್ಲಿ ಎನ್ನಬೇಕು. ಮೈಸೂರಿನ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರೂ ಅಭಿನಯಕ್ಕಾಗಿಯೇ ಹೆಸರಾದವರು. ಯಶೋದೆ ಕೃಷ್ಣನನ್ನು ಗದರುವ ಸನ್ನಿವೇಶವನ್ನೇ ತೆಗೆದುಕೊಳ್ಳಿ. ರಂಗದ ಮೇಲೆ ಕೃಷ್ಣನಿಲ್ಲ. ನರ್ತಕಿಯ ನೋಟವೇ ಬರಿದಾದ ನೆಲದಲ್ಲಿ ಅವನನ್ನು ನಿಲ್ಲಿಸುತ್ತದೆ. ಅಂದಮೇಲೆ ಚೌಕಟ್ಟಿನಲ್ಲಿ ಆಕೆಯ ಮುಂದೆ, ಕೆಳಗಡೆ, ಒಂದು ಮಗುವಿಗೆ ಬೇಕಾದಷ್ಟು ಜಾಗವನ್ನು ಬಿಡಬೇಡವೆ? ಮರುಕ್ಷಣವೇ ಆಕೆ ಕೃಷ್ಣನಾಗಿ ತಾಯಿಯತ್ತ ಕತ್ತೆತ್ತಿದಾಗ ಆ ಜಾಗ ಮೇಲಕ್ಕೆ ಹೋಗಬೇಕು. ಸಂಯೋಜನೆಯೆಂದರೆ ಇರುವವರನ್ನು ಇರಿಸುವುದಷ್ಟೇ ಅಲ್ಲ, ಇಲ್ಲದವರಿಗೂ ಎಡೆಮಾಡಿಕೊಡುವುದು.

ನಮ್ಮ ಕಾಲೇಜಿನಲ್ಲಿ ನೃತ್ಯವನ್ನು ಕಲಿಯುತ್ತಿರುವ ಸಹಪಾಠಿಯೊಬ್ಬರು ಇದೇ ಸನ್ನಿವೇಶವನ್ನು ನನಗಾಗಿ ಅಭಿನಯಿಸಿದರು. ತೆಗೆದ ನಲವತ್ತು ಚಿತ್ರಗಳನ್ನು ಅವರ ಮುಂದೆ ಹರಡಿ, "ಇವುಗಳಲ್ಲಿ ನೀವು ಯಾವುದರಲ್ಲಿದ್ದೀರಿ?" ಎಂದು ಕೇಳಿದೆ. ಗದರುವ ಬೆರಳು ನೆಟ್ಟಗೆ ನಿಂತ, ಅಂಗಶುದ್ಧಿಯಿಂದ ಕೂಡಿದ ಚಿತ್ರಗಳನ್ನು ಅವರು ಬದಿಗಿಟ್ಟರು. ಬೆರಳು ಇನ್ನೂ ಇಳಿಯುತ್ತಿರುವ, ಸಿಟ್ಟು ಕರಗಿ ಕಣ್ಣಂಚಿನಲ್ಲಿ ನಗು ಮೂಡುತ್ತಿರುವ ಒಂದನ್ನು ಎತ್ತಿಕೊಂಡು, "ಅವೆಲ್ಲ ಗುರುಗಳು ಕಲಿಸಿದ್ದು, ಇದು ನನ್ನಮ್ಮನ ನೆನಪು, ನನ್ನದು" ಎಂದರು. ಮುದ್ರೆಯಿಂದ ಮುದ್ರೆಗೆ ಸಾಗುವ ನಡುವಣ ಕ್ಷಣವದು. ಯಾವ ನಿಯಮವೂ ನನಗೆ ಅದನ್ನು ತೋರಿಸಿಕೊಡಲಾರದಾಗಿತ್ತು.

ಇಂದು ಎಲ್ಲರ ಕೈಯಲ್ಲೂ ಮೊಬೈಲಿದೆ, ಚಿತ್ರಗಳಿಗೆ ಬರವಿಲ್ಲ. ಆದರೆ ಚಿತ್ರಕ್ಕೆ ಗುರಿಯಾದವರನ್ನು ಕೇಳಿ ತಿಳಿಯುವ ಸಹನೆ ವಿರಳ. ನಿಯಮಗಳನ್ನು ಶ್ರದ್ಧೆಯಿಂದ ಕಲಿಯೋಣ. ಅವು ಕಣ್ಣಿಗೆ ಶಿಸ್ತನ್ನು ಕೊಡುತ್ತವೆ. ಆದರೆ ನರ್ತಕಿ ಹೇಳಬೇಕೆಂದಿರುವುದು ಏನೆಂಬುದನ್ನು ಆಕೆಯಿಂದಲೇ ಅರಿತು ಕ್ಯಾಮೆರಾ ಎತ್ತಿದಾಗಲೇ ಚಿತ್ರವು ಇಬ್ಬರದೂ ಆಗುತ್ತದೆಂದು ನನ್ನ ನಂಬಿಕೆ.