ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕುವ ಮುನ್ನ

ಮನೆಯ ಯುಪಿಎಸ್ ಬ್ಯಾಟರಿ ಕೆಟ್ಟಿತೆಂದರೆ ಅದಕ್ಕೆ ಇಬ್ಬರು ಗಿರಾಕಿಗಳು. ಹೊಸ ಬ್ಯಾಟರಿ ಮಾರುವ ಅಂಗಡಿಯವರು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಿಡಿದು ಬಿಲ್ಲಿನಲ್ಲಿ ಒಂದಿಷ್ಟು ಇಳಿಸುತ್ತಾರೆ. ಬೀದಿಗೆ ಬರುವ ಗುಜರಿಯವನು ತೂಕಕ್ಕೆ ಹಾಕಿ ಅದಕ್ಕಿಂತ ನೂರಿನ್ನೂರು ಜಾಸ್ತಿ ಕೊಟ್ಟರೂ ಕೊಟ್ಟಾನು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸವೇ. ಹಾಗಾಗಿ ಇಬ್ಬರಿಗೂ ಅದು ಬೇಕು. ಆದರೆ ಆ ನೂರಿನ್ನೂರು ಎಲ್ಲಿಂದ ಬಂತು? ಎಷ್ಟೋ ಸಲ ಅದು ಆಸಿಡ್ಡನ್ನು ಚರಂಡಿಗೆ ಸುರಿದು, ಹೊಗೆಯನ್ನು ಹಾಗೇ ಮೇಲಕ್ಕೆ ಬಿಟ್ಟು ಉಳಿಸಿದ ದುಡ್ಡು.

ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಸೌದೆ ಒಲೆ, ಕಬ್ಬಿಣದ ಬಾಣಲೆ ಇದ್ದರೆ ಹಿತ್ತಲಲ್ಲೇ ಗಟ್ಟಿ ಎರಕ ಹೊಯ್ಯಬಹುದು. ಎಡವಟ್ಟಾಗುವುದು ಇಲ್ಲೇ: ಕೆಲಸ ಅಷ್ಟು ಸುಲಭವಾದ್ದರಿಂದ ಅಡುಗೆಯಷ್ಟೇ ನಿರುಪದ್ರವಿ ಎನಿಸಿಬಿಡುತ್ತದೆ. ಬ್ಯಾಟರಿ ಒಡೆದಾಗ ಪ್ಲೇಟುಗಳಿಂದ ಉದುರುವ ಪುಡಿ ಅಂಗಳದ ಮಣ್ಣಿಗೆ ಸೇರುತ್ತದೆ. ಕೆಲಸದವರ ಬಟ್ಟೆ, ತಲೆಗೂದಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ಅಂಬೆಗಾಲಿಕ್ಕುವ ಮಗು ಅದೇ ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸೀಸದ ಹೊಗೆ ನಿಲ್ಲುವುದಿಲ್ಲ. ಮೀನಿನ ಬಲೆಗೆ ಸೀಸದ ಗುಂಡು ಎರಕ ಹೊಯ್ಯುವವರಿಗೂ ಇದೇ ಮಾತು ಅನ್ವಯ.

ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ ತಿಯಾರೋಯ್ ಸುರ್ ಮೇರ್ ಎಂಬ ಬಡಾವಣೆಯಿದೆ. ಹಳೆ ಬ್ಯಾಟರಿ ಒಡೆಯುತ್ತಿದ್ದ ಜಾಗದ ಮಣ್ಣಿನಲ್ಲಿ ಸೀಸದ ಚೂರು ಸಿಗುತ್ತದೆಂದು ಅಲ್ಲಿನ ಜನ ಮಣ್ಣನ್ನೇ ಜರಡಿ ಹಿಡಿಯತೊಡಗಿದರು, ಚೀಲಗಟ್ಟಲೆ ಮನೆಗೂ ತಂದಿಟ್ಟರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಅವಧಿಯಲ್ಲಿ 18 ಮಕ್ಕಳು ಸತ್ತರು. ನಮ್ಮದೇನೂ ದೂರದ ಕಥೆಯಲ್ಲ. ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿದೆ ಎಂಬುದು ಯುನಿಸೆಫ್ 2020ರಲ್ಲಿ ಪ್ರಕಟಿಸಿದ ಅಂದಾಜು. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟ ಸೀಸಕ್ಕೆ ಇಲ್ಲವೇ ಇಲ್ಲ.

ಈಗ ಕಾನೂನಿಗೆ ಬರೋಣ. 2001ರ ಬ್ಯಾಟರಿ ನಿಯಮಗಳ ಜಾಗದಲ್ಲಿ ಈಗಿರುವುದು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022. ಬಳಕೆದಾರರಿಗೆ ಇದರಲ್ಲಿರುವ ಹೊಣೆ ಚಿಕ್ಕದು, ಸ್ಪಷ್ಟವಾದದ್ದು: ಹಳೆ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸಬಾರದು, ಸಂಗ್ರಹಣೆ ಅಥವಾ ಮರುಬಳಕೆಯ ಕೆಲಸ ಮಾಡುವ ಸಂಸ್ಥೆಗೇ ಒಪ್ಪಿಸಬೇಕು. ಬ್ಯಾಟರಿಯ ಮೇಲಿರುವ ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರ ಹೇಳುವುದೂ ಇದನ್ನೇ. ಸೀಸ ತೆಗೆಯುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ‘ನನ್ನ ಬ್ಯಾಟರಿ, ನನ್ನ ಹಿತ್ತಲು’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟಾಗ ಹಳೆಯದನ್ನು ಪಡೆದದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಕೈಯಲ್ಲಿರುವುದು ಆ ಚೀಟಿಯೊಂದೇ.

ಈ ನಿಯಮ ಮೀರಿದವರಿಗೆ ಅನ್ವಯಿಸುವ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಇತ್ತು. 2024ರ ಏಪ್ರಿಲ್ 1ರಿಂದ ಅದು ಹೋಗಿ, ₹10,000ದಿಂದ ₹15 ಲಕ್ಷದವರೆಗೆ ದಂಡ ಬಂದಿದೆ. ಜೈಲಿನ ಭಯ ಹೋದದ್ದರಿಂದ ಕಾನೂನು ಸಡಿಲವಾಯಿತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಸೀಸ ಕರಗಿಸಿ ತಿಂಗಳಿಗೆ ಹತ್ತು ಹದಿನೈದು ಸಾವಿರ ದುಡಿಯುವ ಶೆಡ್ಡಿಗೆ ಕನಿಷ್ಠ ದಂಡವೇ ಭಾರ.

ಪಕ್ಕದ ಮನೆಯಲ್ಲೋ ಓಣಿಯ ಕೊನೆಯಲ್ಲೋ ಸೀಸ ಕರಗಿಸುತ್ತಿದ್ದರೆ? ಮೊದಲ ದೂರು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಬರಹದಲ್ಲಿ. ಫೋಟೊ, ದಿನಾಂಕ, ಹೊಗೆ ಏಳುವ ಹೊತ್ತು ಇರಲಿ. ಸ್ವೀಕೃತಿ ಪಡೆಯದೆ ಬರಬೇಡಿ. ಸೀಸ ಕರಗಿಸುವ ಆ ಜಾಗಕ್ಕೆ ಪರವಾನಗಿ ಇದೆಯೇ ಎಂದು ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಅಷ್ಟು ಕಾಯಲಾಗದಿದ್ದರೆ ಉಪವಿಭಾಗಾಧಿಕಾರಿಯ ಬಳಿ ಹೋಗಿ. ಆರೋಗ್ಯಕ್ಕೆ ಹಾನಿ ಮಾಡುವ ಕಸುಬನ್ನು ನಿಲ್ಲಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಷರತ್ತಿನ ಆದೇಶ ಹೊರಡಿಸುವ ಅಧಿಕಾರ ಅವರಿಗಿದೆ. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. ಈ ದಾರಿ ಇದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಬ್ಯಾಟರಿ ಒಡೆಯುವ ಕೂಲಿಯವನನ್ನು ಕಳ್ಳನಂತೆ ನೋಡಬೇಡಿ. ಮೊದಲು ವಿಷ ಕುಡಿಯುವವನೇ ಅವನು. ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಸೀಸದಿಂದ ಬರುವ ಕಾಯಿಲೆ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿದೆ, ಅಂದರೆ ಮಾಲೀಕನಿಂದ ಪರಿಹಾರ ಕೇಳುವ ದಾರಿಯಿದೆ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದ್ದು ಕಂಡರೆ 1098ಕ್ಕೆ ಕರೆ ಮಾಡಿ. ಮನೆಯವರದೇ ಕಸುಬು ಎಂಬ ವಿನಾಯಿತಿ ಅಪಾಯಕಾರಿ ಕೆಲಸಕ್ಕೆ ಸಲ್ಲುವುದಿಲ್ಲ.

ಮಗುವಿಗೆ ಪದೇ ಪದೇ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಇದ್ದು, ಹತ್ತಿರದಲ್ಲಿ ಇಂಥ ಒಲೆಯೂ ಇದ್ದರೆ ವೈದ್ಯರಿಗೆ ಅದನ್ನು ಬಾಯಿಬಿಟ್ಟು ಹೇಳಿ, ರಕ್ತದಲ್ಲಿ ಸೀಸದ ಮಟ್ಟ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಯಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿಕೊಂಡಿತು. ಪರೀಕ್ಷೆಯ ವರದಿ ಚಿಕಿತ್ಸೆಗೆ ಎಷ್ಟು ಬೇಕೋ ಪರಿಹಾರದ ಮೊಕದ್ದಮೆಗೂ ಅಷ್ಟೇ ಬೇಕು.

ಆ ಮೊಕದ್ದಮೆ ನಡೆಯುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ. ಕರ್ನಾಟಕಕ್ಕೆ ಚೆನ್ನೈ ಪೀಠ. ಪರಿಹಾರ ಕೇಳಲು ಐದು ವರ್ಷ ಕಾಲಾವಕಾಶವಿದೆ, ಪರಿಸರ ವಿವಾದದ ಅರ್ಜಿಗೆ ಆರೇ ತಿಂಗಳು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಬಹುದು. ಅರ್ಜಿಯಲ್ಲಿ ಹಣದ ಜೊತೆಗೆ ಜಾಗವನ್ನು ಮೊದಲಿನಂತೆ ಮಾಡಿಸಿಕೊಡಿ ಎಂಬ ಕೋರಿಕೆಯನ್ನೂ ಮರೆಯದೆ ಬರೆಸಿ. ಶೆಡ್ಡು ಎತ್ತಂಗಡಿಯಾದರೂ ಅಂಗಳದ ಮಣ್ಣಿನಲ್ಲಿ ಸೀಸ ಉಳಿದೇ ಇರುತ್ತದೆ.