ಜಿನುಗಿಗೆ ಎದುರುನುಡಿ ಯಾವುದು?

‘ನೀರು ಜಿನುಗುತ್ತದೆ’ ಎಂಬಲ್ಲಿನ ‘ಜಿನುಗು’ ಶಬ್ದಕ್ಕೆ ವಿರುದ್ಧಾರ್ಥಕ ಪದವನ್ನು ಕೇಳಿದೊಡನೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಪ್ರವಾಹ’ ಎಂದು ಬರೆಯುವರು. ಉಪಾಧ್ಯಾಯರೂ ಅಂಕವಿತ್ತು ಮುಂದೆ ಸಾಗುವರು. ವ್ಯಾಕರಣದ ಮುಂದೆ ಈ ಉತ್ತರ ನಿಲ್ಲಲಾರದು. ಅಲ್ಲಿ ಜಿನುಗು ಧಾತು, ಪ್ರವಾಹವಾದರೋ ನಾಮಪದ. ಧಾತುವಿಗೆ ಧಾತುವನ್ನೇ ಎದುರಿಡಬೇಕು: ಉಕ್ಕು, ಚಿಮ್ಮು, ಧುಮುಕು, ಭೋರ್ಗರೆ.

ಇವೂ ಒಂದೇ ತೂಕದವಲ್ಲ. ಜಿನುಗುವಿಕೆಯಲ್ಲಿ ಎರಡು ಗುಣಗಳುಂಟು: ಗತಿ ಮಂದ, ಗಾತ್ರ ಕೃಶ. ‘ಚಿಮ್ಮು’ ಮಂದತೆಯನ್ನು ಮಾತ್ರ ಅಲ್ಲಗಳೆಯುತ್ತದೆ. ಕೂದಲೆಳೆಯಂಥ ನೀರೂ ಚಿಮ್ಮಬಲ್ಲುದು. ‘ಉಕ್ಕು’ ಎಂಬುದು ಹೆಚ್ಚಳವನ್ನು ಹೇಳುವುದೇ ಹೊರತು ವೇಗವನ್ನಲ್ಲ. ಹಾಲು ಮೆಲ್ಲನೆಯೂ ಉಕ್ಕೀತು. ಎರಡನ್ನೂ ಒಮ್ಮೆಗೇ ನಿರಾಕರಿಸುವ ಶಬ್ದ ‘ಭೋರ್ಗರೆ’. ‘ಭೋರ್’ ಎಂಬ ಅನುಕರಣ ಶಬ್ದಕ್ಕೆ ‘ಕರೆ’ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಈ ರೂಪ ಸಿದ್ಧಿಸಿದೆ. ನೀರಿನ ದನಿಯೇ ಪದದೊಳಗೆ ಕುಳಿತಿದೆ.

‘ಧಾರೆ’ಯನ್ನು ಈ ಗುಂಪಿಗೆ ಸೇರಿಸುವವರು ಸ್ವಲ್ಪ ಯೋಚಿಸಬೇಕು. ಮದುವೆಯಲ್ಲಿ ಎರೆಯುವ ಧಾರೆ ನೂಲಿನಷ್ಟು ಸಣ್ಣದು. ಮುಸಲಧಾರೆ ಒನಕೆಯಷ್ಟು ದಪ್ಪ. ಗಾತ್ರ ಯಾವುದಾದರೇನು, ಕಡಿಯದಿರುವುದೇ ಧಾರೆಯ ಲಕ್ಷಣ. ಆದುದರಿಂದ ಅದು ತೊಟ್ಟಿಕ್ಕುವುದಕ್ಕೆ ಎದುರು, ಜಿನುಗುವುದಕ್ಕಲ್ಲ. ನಾಮಪದವೇ ಬೇಕೆಂದರೆ ಹಳಗನ್ನಡದ ‘ಪೊನಲ್’ನಿಂದ ಬಂದ ‘ಹೊನಲು’ ಇದೆ; ಪ್ರವಾಹಕ್ಕೆ ಮೊದಲು ಅದು ನಾಲಗೆಗೆ ಬರಬೇಕಿತ್ತು.

ಬಾಶೆಟ್ಟಿಹಳ್ಳಿಯ ಸುತ್ತಣ ಸೀಮೆ ಕೆರೆಗಳ ಸೀಮೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ದೊಡ್ಡಬಳ್ಳಾಪುರದ ಸೀಮೆಯಿಂದ ಹೆಸರಘಟ್ಟಕ್ಕೆ, ಮುಂದೆ 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಹರಿದುದು ಮುಖ್ಯವಾಗಿ ಮಳೆಯ ನೀರಿನಿಂದ. ಇಲ್ಲಿಯ ರೈತನಿಗೆ ಈ ಪದಗಳ ಭೇದ ಬದುಕಿನ ಪ್ರಶ್ನೆಯಾಗಿತ್ತು. ಏರಿ ‘ಜಿನುಗುತ್ತಿದೆ’ ಎಂದರೆ ಆ ರಾತ್ರಿಯೇ ಮಣ್ಣು ಹೊರಬೇಕು. ಉದಾಸೀನ ಮಾಡಿದರೆ ಏರಿ ‘ಒಡೆಯುತ್ತದೆ’, ಕೆಳಗಿನ ಗದ್ದೆ ಕೊಚ್ಚಿಹೋಗುತ್ತದೆ. ಕೆರೆ ‘ಕೋಡಿ ಹರಿಯಿತು’ ಎಂದರೆ ಮಾತ್ರ ಸಂತೋಷ: ತುಂಬಿ ಮಿಕ್ಕ ನೀರು ಕಟ್ಟಿದ ದಾರಿಯಲ್ಲೇ ಹೊರಟು ಕೆಳಗಣ ಕೆರೆಯನ್ನು ಸೇರುವುದು. ಒಡೆಯುವುದೂ ಕೋಡಿ ಹರಿಯುವುದೂ ಜಿನುಗಿಗೆ ಎದುರೇ. ಒಂದು ಅನಾಹುತ, ಇನ್ನೊಂದು ಸುಭಿಕ್ಷ. ಯಾವ ನಿಘಂಟೂ ಈ ಅಂತರವನ್ನು ಒಂದು ಸಾಲಿನಲ್ಲಿ ತಿಳಿಸಲಾರದು.

ಕಾರ್ಖಾನೆಗಳ ನಡುವೆ ನಲ್ಲಿಯ ನೀರನ್ನೂ ಕೊಳವೆಬಾವಿಯನ್ನೂ ನೋಡಿ ಬೆಳೆದ ಇಂದಿನ ಮಕ್ಕಳಿಗೆ ಕೋಡಿ ಹರಿಯುವ ನೋಟ ಅಪರೂಪ. ಆದರೂ ಅಜ್ಜನ ಬಾಯಿಂದ ಕೇಳಿದ ಬಾಲಕನೊಬ್ಬನು ಉತ್ತರಪತ್ರಿಕೆಯಲ್ಲಿ ‘ಕೋಡಿ’ ಎಂದಷ್ಟೇ ಬರೆದರೆ, ಕೆಂಪು ಗೆರೆ ಎಳೆಯದೆ, ಪಕ್ಕದಲ್ಲಿ ‘ಹರಿ’ ಎಂದು ಸೇರಿಸಿ ಪೂರ್ಣ ಅಂಕವನ್ನೇ ಕೊಡುವುದು ನ್ಯಾಯ.