ಬೇಸಿಗೆಯ ಬಿಸಿಗಾಳಿಯಲ್ಲಿ ಹಿತ್ತಲಿನ ಹಸುವಿನ ದಿನಚರಿ



ಏಪ್ರಿಲ್ ತಿಂಗಳು ಹೊಕ್ಕಿತೆಂದರೆ ಸಿಂಧನೂರು, ಮಾನ್ವಿ, ಲಿಂಗಸುಗೂರಿನಂಥ ನಮ್ಮ ಕಡೆಯ ಊರುಗಳ ದಿನಚರಿಯೇ ಬದಲಾಗುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ರೂಢಿ ಹಲವು ವರ್ಷಗಳಿಂದ ಇದೆ. ಸಂತೆಗೆ ಬಂದ ಹಳ್ಳಿಯವರು ಹತ್ತರೊಳಗೆ ವ್ಯಾಪಾರ ಮುಗಿಸಿ ಬಸ್ಸು ಹಿಡಿಯುತ್ತಾರೆ. ಹನ್ನೆರಡರ ಮೇಲೆ ಅಂಗಡಿಯವರು ಅರ್ಧ ಬಾಗಿಲು ಹಾಕಿ ಒಳಗೆ ಒರಗುತ್ತಾರೆ. ಅರವಟ್ಟಿಗೆ, ಕಲ್ಲಂಗಡಿ ಗಾಡಿ, ಕಬ್ಬಿನ ಹಾಲಿನ ಅಂಗಡಿಗಳ ಬಳಿ ಮಾತ್ರ ನಾಲ್ಕು ಜನ ಕಾಣುತ್ತಾರೆ. ಸಂಜೆ ಐದರ ಮೇಲೆ ಊರು ಮತ್ತೆ ಎಚ್ಚರಗೊಳ್ಳುತ್ತದೆ. ರಾತ್ರಿ ಜನ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಾರೆ.

ಹೀಗೆ ಮನೆಮಂದಿಯೆಲ್ಲ ತಮ್ಮ ಹೊತ್ತು ಬದಲಿಸಿಕೊಂಡಿರುತ್ತಾರೆ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕಟ್ಟಿದ ಹಸುವಿನ ಹೊತ್ತು ಮಾತ್ರ ಚಳಿಗಾಲದಲ್ಲಿ ಇದ್ದಂತೆಯೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಸೊಪ್ಪೆ, ಹನ್ನೆರಡಕ್ಕೆ ಒಂದು ಬಕೆಟ್ ನೀರು, ಮೂರಕ್ಕೆ ಮತ್ತೆ ಮೇವು. ಬೇಸಿಗೆಯಲ್ಲಿ ಹಾಲು ಇಳಿಯಲು ಬಿಸಿಲಿನಷ್ಟೇ ಈ ವೇಳಾಪಟ್ಟಿಯೂ ಕಾರಣ. ಬಿಸಿಲನ್ನು ನಾವು ತಡೆಯಲಾರೆವು, ವೇಳಾಪಟ್ಟಿಯನ್ನು ಖಂಡಿತ ಬದಲಿಸಬಹುದು.

ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಕರೆಯುತ್ತದೆ. 45 ಮುಟ್ಟಿದರಂತೂ ವಾಡಿಕೆಯ ಲೆಕ್ಕವೇ ಬೇಡ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೇ 2024ರ ಬೇಸಿಗೆ ಬಂದು ರಾಯಚೂರು, ಕಲಬುರಗಿಗಳಲ್ಲಿ 43 ಡಿಗ್ರಿ ದಾಟಿತು. ಮೇವೂ ಇಲ್ಲ, ನೀರೂ ಇಲ್ಲ, ಮೇಲೆ ಬೆಂಕಿಯಂಥ ಬಿಸಿಲು. ಆ ಎರಡು ತಿಂಗಳು ಹಸು ಸಾಕಿದವರಿಗೆ ಈ ಪಾಠದ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಹಸುವಿನ ಮೈಯೊಳಗೂ ಒಂದು ಒಲೆ ಉರಿಯುತ್ತಿರುತ್ತದೆ. ಮೇವು ಹೊಟ್ಟೆಯಲ್ಲಿ ಹುದುಗಿ ಅರಗುವಾಗ ಶಾಖ ಹುಟ್ಟುತ್ತದೆ, ಒಣ ಒರಟು ಮೇವಿನಿಂದ ಇನ್ನೂ ಹೆಚ್ಚು. ತಿಂದ ಕೆಲವು ಗಂಟೆಗಳ ನಂತರ ಈ ಶಾಖ ಏರುತ್ತದೆ. ಒಂಬತ್ತು ಗಂಟೆಗೆ ಹೊಟ್ಟೆ ತುಂಬ ಸೊಪ್ಪೆ ತಿಂದ ಹಸುವಿಗೆ ಒಳಗಿನ ಬೆಂಕಿ ಜೋರಾಗುವುದೂ ಹೊರಗಿನ ಬಿಸಿಲು ನೆತ್ತಿಗೇರುವುದೂ ಒಂದೇ ಹೊತ್ತಿಗೆ. ಆಗ ಅದು ಮೇವು ಬಿಟ್ಟು ನಿಲ್ಲುತ್ತದೆ. ಅದು ಹಟವಲ್ಲ, ಒಲೆ ಆರಿಸಿಕೊಳ್ಳುವ ಉಪಾಯ. ಎಚ್.ಎಫ್. ಮಿಶ್ರತಳಿಗೆ ಈ ಕಷ್ಟ ಹೆಚ್ಚು. ಬೆವರು ಗ್ರಂಥಿ ಕಡಿಮೆಯಿರುವ, ಕಪ್ಪು ಚರ್ಮದ ಎಮ್ಮೆಗೂ ಹೆಚ್ಚು. ದೇವಣಿ, ಕೃಷ್ಣಾ ಕಣಿವೆಯಂಥ ನಮ್ಮ ತಳಿಗಳು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ.

ಆದುದರಿಂದ ದಿನದ ಮೇವಿನ ಮೂರರಲ್ಲಿ ಎರಡು ಪಾಲನ್ನು ಸಂಜೆ ಏಳರ ನಂತರ ಮತ್ತು ನಸುಕಿನಲ್ಲಿ ಹಾಕಿರಿ. ನೀವು ಮಾಳಿಗೆಗೆ ಹೋಗುವ ಮುನ್ನ ಗೋದಲಿ ತುಂಬಿಸಿ ಹೋದರೆ ಸಾಕು. ರಾತ್ರಿಯ ತಂಪಿನಲ್ಲಿ ಅದು ತಾನಾಗಿ ತಿನ್ನುತ್ತದೆ. ಹಸಿರು ಮೇವು ಸ್ವಲ್ಪವೇ ಇದ್ದರೆ ಅದನ್ನು ಹಗಲಿಗೆ ಇಟ್ಟುಕೊಳ್ಳಿ. ಪಶು ಆಹಾರವನ್ನು ಎರಡು ಹಿಂಡುವ ಹೊತ್ತಿಗೂ ಹಂಚಿ ಕೊಡಿ. ಬಾಯಿ ತೆರೆದು ಏದುಸಿರು ಬಿಡುವ ಹಸುವಿನ ಜೊಲ್ಲು ನೆಲಕ್ಕೆ ಸುರಿದುಹೋಗುವುದರಿಂದ ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ. ಖನಿಜ ಮಿಶ್ರಣ ಮತ್ತು ಉಪ್ಪಿನ ಜೊತೆಗೆ ದಿನಕ್ಕೆ 100 ಗ್ರಾಂನಷ್ಟು ಅಡುಗೆ ಸೋಡಾವನ್ನು ಆಹಾರದಲ್ಲಿ ಬೆರೆಸಿದರೆ ಅನುಕೂಲ. ಸೋಡಾ ಹಸುವಿನ ಹೊಟ್ಟೆಗೆ ಹೋಗಬೇಕೇ ಹೊರತು ಹಾಲಿನ ಕ್ಯಾನಿಗಲ್ಲ. ಹಾಲು ಒಡೆಯದಿರಲೆಂದು ಹಾಕುವವರಿದ್ದಾರೆ, ಅದು ಕಲಬೆರಕೆ.

ಪಟ್ಟಣದ ಹಸುಗಳಿಗೆ ಮಾತ್ರ ಬರುವ ಒಂದು ಗಂಡಾಂತರವಿದೆ. ಏಪ್ರಿಲ್-ಮೇ ಮದುವೆಯ ಕಾಲ. ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನ, ಪಾಯಸ, ಬೂಂದಿಯನ್ನು ಚೆಲ್ಲಲು ಮನಸ್ಸಾಗದೆ ಪುಣ್ಯದ ಕೆಲಸವೆಂದು ಬುಟ್ಟಿಗಟ್ಟಲೆ ತಂದು ಹಸುವಿಗೆ ಸುರಿಯುತ್ತಾರೆ. ರೂಢಿಯಿಲ್ಲದ ಹಸು ಹೊಟ್ಟೆ ತುಂಬ ಅನ್ನ ತಿಂದರೆ ಹೊಟ್ಟೆಯೊಳಗೆ ಹುಳಿಯೇರಿ, ಮೆಲುಕು ನಿಂತು, ಮರುದಿನ ಮಲಗಿದ್ದು ಏಳದೆ ಹೋಗಬಹುದು. ಬಿಸಿಲಿನಲ್ಲಿ ಬಳಲಿದ ಹಸುವಿಗೆ ಇದು ಇನ್ನೂ ಬೇಗ ತಟ್ಟುತ್ತದೆ. ತಂದವರು ನೆಂಟರಾದರೂ ಸರಿ, ಬೇಡವೆನ್ನಿ. ಕಲ್ಲಂಗಡಿ ಸಿಪ್ಪೆಯನ್ನು ಮಿತವಾಗಿ ಕೊಡಬಹುದು, ಅದರ ಜೊತೆ ಪ್ಲಾಸ್ಟಿಕ್ ಚೀಲ ಹೋಗದಂತೆ ನೋಡಿಕೊಳ್ಳಿ. ಕೊಯ್ದ ಜೋಳದ ಬುಡದಿಂದ ಚಿಗುರಿ ಬಾಡಿದ ಎಳೆ ಕುಡಿಯನ್ನು ಮಾತ್ರ ಎಷ್ಟೇ ಮೇವಿನ ಅಭಾವವಿದ್ದರೂ ಮೇಯಿಸಬೇಡಿ. ನೀರಿಲ್ಲದೆ ಸೊರಗಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಸೇರಿರುತ್ತದೆ.

ಇನ್ನು ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹತ್ತು ಲೀಟರ್ ಕರೆಯುವ ಹಸು ಬಿಸಿಗಾಳಿಯ ದಿನ ನೂರು ಲೀಟರ್‌ವರೆಗೆ ಕುಡಿಯಬಲ್ಲದು, ಎಂದರೆ ಆರೇಳು ಕೊಡ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕೊಡ ಹೊರುವವರು ಮನೆಯ ಹೆಣ್ಣುಮಕ್ಕಳೇ ಆದ್ದರಿಂದ ಹಸುವಿನ ಪಾಲು ಎಷ್ಟೆಂದು ಮೊದಲೇ ಲೆಕ್ಕ ಹಾಕಿ ಒಂದು ಡ್ರಮ್ಮು ಪ್ರತ್ಯೇಕ ಇಡುವುದು ನ್ಯಾಯ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಎರಡಕ್ಕೆ ಕೈಯಿಡಲಾಗದಷ್ಟು ಕಾದಿರುತ್ತದೆ, ಹಸು ಮೂಸಿ ಬಿಡುತ್ತದೆ. ಡ್ರಮ್ಮನ್ನು ನೆರಳಿನಲ್ಲಿಟ್ಟು ಹಸಿ ಗೋಣಿಚೀಲ ಸುತ್ತಿರಿ. ಹಗಲು ರಾತ್ರಿ ನೀರು ಹಸುವಿನ ಮುಂದೆ ಇರಲಿ.

ಬೇವಿನ ಮರದ ನೆರಳಿಗೆ ಸಮನಾದ ಕೊಟ್ಟಿಗೆಯಿಲ್ಲ. ಮರವಿಲ್ಲದವರು ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿ ಅಥವಾ ಸುಣ್ಣ ಬಳಿಯಿರಿ. ಮೈಮೇಲೆ ನೀರು ಹಾಕುವಾಗ ಗಾಳಿಯಾಡುವಂತಿರಲಿ. ನಾಲ್ಕೂ ಕಡೆ ಚೀಲ ಕಟ್ಟಿ ಒಳಗೆ ನೀರು ಎರಚಿದರೆ ಧಗೆ ಹೆಚ್ಚುತ್ತದೆಯೇ ವಿನಾ ತಂಪಾಗುವುದಿಲ್ಲ.

ಬೆದೆಯ ವಿಷಯದಲ್ಲೂ ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ಬೆದೆಯ ಲಕ್ಷಣ ಮಂದವಾಗಿರುತ್ತದೆ, ಕಂಡರೂ ರಾತ್ರಿ ಅಥವಾ ನಸುಕಿನಲ್ಲಿ. ಹಿಂಡಲು ಎದ್ದಾಗ ಒಮ್ಮೆ ಹಿಂದೆ ನೋಡಿ.

ಈ ಕಾಲದಲ್ಲಿ ಊರಿನ ಮನೆಮನೆಗೂ ಮೊಸರು, ಮಜ್ಜಿಗೆ ಹೆಚ್ಚು ಬೇಕು, ಹಾಲು ಮಾತ್ರ ಕಡಿಮೆ. ಹತ್ತು ಲೀಟರಿನ ಹಸು ಎಂಟಕ್ಕೆ ಇಳಿಯಿತೆಂದಿಟ್ಟುಕೊಳ್ಳಿ, ಅರುವತ್ತು ದಿನಕ್ಕೆ 120 ಲೀಟರ್ ಹೋಯಿತು. ಜಿಡ್ಡು ಮತ್ತು ಜಿಡ್ಡೇತರ ಘನಾಂಶವೂ ಇಳಿದರೆ ಉಳಿದ ಹಾಲಿಗೂ ದರ ಕಡಿಮೆ. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲಿಯೇ ಇರುವಾಗ ಅದರಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಚಹಾ ಕುಡಿದು ಹೋದರಾಯಿತೆಂದು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಕೂರಬೇಡಿ. ಸ್ಟೀಲ್ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ನೇರ ಸಂಘಕ್ಕೆ ನಡೆಯಿರಿ. ರಾತ್ರಿಯ ಹಾಲನ್ನು ಬೆಳಗಿನದರಲ್ಲಿ ಬೆರೆಸಬೇಡಿ. ಒಬ್ಬರ ಹುಳಿ ಹಾಲಿನಿಂದ ಶೀತಲೀಕರಣ ಘಟಕದ ಹಾಲೆಲ್ಲ ಕೆಡುತ್ತದೆ.

ಮಧ್ಯಾಹ್ನ ಒಮ್ಮೆ ಹಸುವಿನ ಪಕ್ಕೆ ನೋಡುತ್ತ ಅರ್ಧ ನಿಮಿಷದ ಉಸಿರು ಎಣಿಸಿ ಎರಡರಿಂದ ಗುಣಿಸಿ. ನಲವತ್ತರೊಳಗಿದ್ದರೆ ಚಿಂತೆಯಿಲ್ಲ. ಅರುವತ್ತು ದಾಟಿದರೆ ನೀರು ಹಾಕಿ, ಗಾಳಿ ಬೀಸಿರಿ. ನೂರು ದಾಟಿ, ನಾಲಿಗೆ ಹೊರಚಾಚಿ, ಮೈ ತೂರಾಡುತ್ತಿದ್ದರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು ತಲೆಯಿಂದ ಹಿಡಿದು ಮೈಗೆಲ್ಲ ನೀರು ಸುರಿಯುತ್ತಲೇ ಇರಿ, ವೈದ್ಯರನ್ನು ಕರೆಸಿ ಅಥವಾ ಪಶು ಸಂಚಾರಿ ಚಿಕಿತ್ಸಾಲಯಕ್ಕೆ 1962ಕ್ಕೆ ಕರೆ ಮಾಡಿ. ಅವರು ಬರುವತನಕ ಗೊಟ್ಟದಲ್ಲಿ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಬಾಯಿಗೆ ಹೊಯ್ಯಬೇಡಿ. ಏದುಸಿರು ಬಿಡುವ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾನಾಗಿ ಕುಡಿದರೆ ಕುಡಿಯಲಿ.